ತಲೆಯ ದಿನ

ಬುಟ್ಟಿಯಲ್ಲಿದ್ದ ಕರುವಿನ ತಲೆ ಈ ಸಲ ಯಾಕೋ ಭಾರವಾಗಿದೆ ಅನ್ನಿಸಿತು ಎರ್ಕೊಲೆಗೆ. ಹದಿನೆಂಟು ವರ್ಷದಿಂದ, ಪ್ರತಿ ಚಳಿಗಾಲ, ಕಾರ್ನಿವಲ್ ಹಬ್ಬ ಹತ್ತಿರ ಬಂದು ಬೀದಿಯಲ್ಲಿ ಮುಖವಾಡದ ಪುಂಡರು ಕಾಣಿಸಿಕೊಳ್ಳುವ ವಾರದಲ್ಲಿ, ಅವನು ಹೀಗೆ ಕಟುಕನ ಅಂಗಡಿಯಿಂದ ಕರುವಿನ ತಲೆಯೊಂದನ್ನು ಬಟ್ಟೆ ಮುಚ್ಚಿಕೊಂಡು ಬೊಲೋನ್ಯ ಪಟ್ಟಣದ ಕಮಾನು ಸಾಲುಗಳ ಕೆಳಗೆ ಹೊತ್ತು ತರುತ್ತಿದ್ದ. ವಿದ್ಯಾಪೀಠದಲ್ಲಿ ಹೆಣ ಕೊಯ್ದು ಪಾಠ ಹೇಳುವುದು ವರ್ಷಕ್ಕೊಮ್ಮೆ, ನಾಲ್ಕು ದಿನ. ಬೇಗ ಕೊಳೆಯುವ ಹೊಟ್ಟೆ ಮೊದಲ ದಿನ, ಎದೆ ಎರಡನೆಯ ದಿನ, ತಲೆ ಮೂರನೆಯ ದಿನ, ಕೈಕಾಲು ಕೊನೆಗೆ. ಇವತ್ತು ತಲೆಯ ದಿನ. ‘ಸಾರಿಗಾ ಪಂಡಿತರೇ, ಶಾಸ್ತ್ರಕ್ಕಾ?’ ಎಂದು ಕಟುಕ ಎಂದಿನಂತೆ ಕೇಳಿದ್ದ. ಅದು ಪ್ರತಿವರ್ಷದ ತಮಾಷೆ; ಎರ್ಕೊಲೆ ಪ್ರತಿವರ್ಷ ನಕ್ಕಿದ್ದ. ಇವತ್ತು ನಗು ಬರಲಿಲ್ಲ. ಕಟುಕನಿಗೆ ತನ್ನ ಮುಖದಲ್ಲಿ ಏನೋ ಕಂಡಿರಬೇಕು ಎಂದು ಎರಡು ಬೀದಿ ದಾಟುವವರೆಗೂ ಕೊರೆಯುತ್ತಲೇ ಇತ್ತು. ಮೂರನೆಯ ಸಾಲಿನ ಎಡತುದಿಯಲ್ಲಿ ಆ ಮನುಷ್ಯ ಇವತ್ತೂ ಕೂತಿರುತ್ತಾನೆ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು. ಲತ್ತಾನ್ಸಿಯೋ. ಫಾಯೆನ್ಸ ಊರಿನ ಕುಂಬಾರನ ಮಗ, ಚಿತ್ರ ಬರೆಯುವವನು.

ಎರ್ಕೊಲೆ ಮಾಡುತ್ತಿದ್ದ ಕೆಲಸಕ್ಕೆ ದೊಡ್ಡ ಹೆಸರೇನೂ ಇರಲಿಲ್ಲ. ಎತ್ತರದ ಪೀಠದಲ್ಲಿ ಬೊನಿಫಾಚೊ ಪಂಡಿತರು ಕೂತು ಸಾವಿರದ ಮುನ್ನೂರು ವರ್ಷ ಹಿಂದಿನ ಗ್ರೀಕ್ ವೈದ್ಯನ ಗ್ರಂಥವನ್ನು ಲ್ಯಾಟಿನ್ನಿನಲ್ಲಿ ಓದುತ್ತಾರೆ. ಕೆಳಗೆ ಮೇಜಿನ ಹತ್ತಿರ ಕ್ಷೌರಿಕ ಗಿನೊ ಕತ್ತಿ ಹಿಡಿದು ಕೊಯ್ಯುತ್ತಾನೆ. ಓದುವವರು ಕೆಳಗಿಳಿದು ನೋಡುವುದಿಲ್ಲ, ಕೊಯ್ಯುವವನಿಗೆ ಓದು ಬರುವುದಿಲ್ಲ. ಇಬ್ಬರ ನಡುವೆ ಒಂದು ಕೋಲು ಹಿಡಿದು ನಿಂತು, ಅವರು ಓದಿದ್ದು ಇದೇ ಎಂದು ಇವನು ಕೊಯ್ದದ್ದನ್ನು ತೋರಿಸುವವನು ಎರ್ಕೊಲೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಕೋಲು ಕೈಗೆ ಬಂದಾಗ ಒಂದೆರಡು ವರ್ಷದ ಮಾತು ಅಂದುಕೊಂಡಿದ್ದ. ಜೊತೆಗೆ ಓದಿದವರು ಪಾದುವಾದಲ್ಲಿ, ಪಾವಿಯಾದಲ್ಲಿ ಪೀಠವೇರಿದರು. ಇವನಿಗೆ ನಲವತ್ತನಾಲ್ಕಾಯಿತು. ಮದುವೆ ಮನೆಗಳಲ್ಲಿ ಯಾರಾದರೂ ಇವನನ್ನು ಪರಿಚಯಿಸುವಾಗ ‘ಇವರು ಬೊನಿಫಾಚೊ ಪಂಡಿತರ...’ ಎಂದು ಶುರುಮಾಡಿ, ಮುಂದೆ ಏನೆನ್ನಬೇಕೆಂದು ಹೊಳೆಯದೆ ತಡವರಿಸುತ್ತಿದ್ದರು. ಆ ತಡವರಿಕೆಯ ಹೊತ್ತಿನಲ್ಲಿ ಎರ್ಕೊಲೆ ತಾನೇ ತಲೆಬಾಗಿಸಿ ನಕ್ಕು ಅವರನ್ನು ಪಾರುಮಾಡುತ್ತಿದ್ದ.

ಆದರೆ ಅವನ ಹತ್ತಿರ ಒಂದು ಸಂಗತಿ ಇತ್ತು. ಮಿದುಳಿನ ಅಡಿಯಲ್ಲಿ, ತಲೆಬುರುಡೆಯ ತಳಕ್ಕೆ ತಾಗಿ, ಕೂದಲೆಳೆಯಷ್ಟು ಸಣ್ಣ ರಕ್ತನಾಳಗಳು ಒಂದರೊಳಗೊಂದು ಹೆಣೆದು ಆದ ಬಲೆಯೊಂದಿದೆ, ಎದೆಯಿಂದ ಬಂದ ಪ್ರಾಣ ಅದರೊಳಗೆ ಸೋಸಿಕೊಂಡು ಮನಸ್ಸಾಗುತ್ತದೆ ಎಂದು ಗ್ರಂಥ ಹೇಳುತ್ತಿತ್ತು. ಮನುಷ್ಯನ ತಲೆ ಬಿಚ್ಚಿದರೆ ಬಲೆ ಕಾಣದು. ಉಸಿರು ನಿಂತೊಡನೆ ಅದು ಕುಗ್ಗಿ ಮಾಯವಾಗುತ್ತದೆ, ಆದ್ದರಿಂದ ಕರುವಿನದನ್ನು ನೋಡಿ ತಿಳಿಯಿರಿ ಎಂದು ಹೇಳುವುದು ರೂಢಿ. ಕರುವಿನ ತಲೆಯಲ್ಲಿ ಮಾತ್ರ ಬಲೆ ಕೋಲಿನ ತುದಿಗೆ ಸಿಗುವಷ್ಟು ಚೆನ್ನಾಗಿ ಇರುತ್ತಿತ್ತು. ಎರ್ಕೊಲೆಯ ಮೊದಲ ವರ್ಷ ಎರಡು ಹೆಣ ಸಿಕ್ಕಿದ್ದವು; ಎರಡನೆಯದನ್ನು ನೇಣಿನಿಂದ ಇಳಿಸಿ ಇನ್ನೂ ಗಂಟೆಯಾಗಿರಲಿಲ್ಲ, ಕುತ್ತಿಗೆ ಬೆಚ್ಚಗಿತ್ತು. ಎಲ್ಲರೂ ಊಟಕ್ಕೆ ಹೋಗಿದ್ದ ಮಧ್ಯಾಹ್ನ ಅವನೊಬ್ಬನೇ ಕೂತು, ತಲೆ ಬಿಚ್ಚಿ, ಬುರುಡೆಯ ತಳವನ್ನು ಉಗುರಿನಿಂದ ಕೆರೆದು ನೋಡಿದ. ಬಲೆ ಇರಲಿಲ್ಲ. ಕುಗ್ಗಿರಲಿಲ್ಲ, ಇರಲೇ ಇಲ್ಲ. ಎದ್ದು ಕೈ ತೊಳೆದುಕೊಂಡ, ಯಾರಿಗೂ ಹೇಳಲಿಲ್ಲ. ಪೀಠ ಸಿಗಲಿ, ಆಗ ಹೇಳಿದರಾಯಿತು ಅಂದುಕೊಂಡ. ಹೇಳದೇ ಇದ್ದದ್ದು ಮೊದಮೊದಲು ಮುಳ್ಳಿನಂತೆ ಚುಚ್ಚಿತು. ವರ್ಷಗಳು ಹೋದ ಹಾಗೆ ಅದೇ ಅವನ ಸೊತ್ತಾಯಿತು. ಯಾರೋ ತನ್ನನ್ನು ದಾಟಿ ಮುಂದೆ ಹೋದಾಗ, ಯಾರದೋ ಮನೆಯಲ್ಲಿ ತನ್ನ ಕುರ್ಚಿಯನ್ನು ತುದಿಗೆ ಹಾಕಿದಾಗ, ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದ: ನನಗೆ ಗೊತ್ತು, ನಿಮಗೆ ಗೊತ್ತಿಲ್ಲ. ಅಷ್ಟು ಅಂದುಕೊಂಡರೆ ಅವತ್ತಿನ ಊಟ ಸೇರುತ್ತಿತ್ತು.

ಈ ಕುಂಬಾರನ ಮಗ ಬಂದದ್ದು ಹೋದ ವರ್ಷ. ಬರುವ ಮೊದಲೇ ಅವನ ಸುದ್ದಿ ಬಂದಿತ್ತು. ಸನ್ಯಾಸಿಗಳ ಮಠವೊಂದಕ್ಕೆ ಕಂಬಕ್ಕೆ ಕಟ್ಟಿದ ಸಂತನ ಚಿತ್ರ ಬರೆದುಕೊಡಲು ಒಪ್ಪಿಕೊಂಡು ಒಂದೂವರೆ ವರ್ಷ ಸತಾಯಿಸಿದನಂತೆ. ಕೈ ಮೇಲೆ ಕಟ್ಟಿದಾಗ ಭುಜ ಎಲ್ಲಿಂದ ಏಳುತ್ತದೆ ಎಂದು ತಿಳಿಯಲು ತನ್ನನ್ನೇ ತೊಲೆಗೆ ಕಟ್ಟಿಸಿಕೊಂಡು ನೇತಾಡಿದನಂತೆ. ಕಪ್ಪೆ ಹಾರುವುದನ್ನು ನೋಡುತ್ತ ಕೆರೆಯ ಬದಿ ಮೂರು ದಿನ ಕೂತನಂತೆ. ಹುಚ್ಚ ಎಂದು ಎಲ್ಲರೂ ನಗುವಾಗ ಎರ್ಕೊಲೆ ಎಲ್ಲರಿಗಿಂತ ಜೋರಾಗಿ ನಕ್ಕ. ಆಮೇಲೆ ಚಿತ್ರ ನೋಡಲು ಹೋದ. ಹೆಂಗಸರು ಅಳುತ್ತಿದ್ದರು. ಅವನು ಅಳಲಿಲ್ಲ, ಸಂತನ ಮೈಮೇಲೆ ಸ್ನಾಯುಗಳನ್ನು ಒಂದೊಂದಾಗಿ ಎಣಿಸುತ್ತ ತಪ್ಪು ಹುಡುಕಿದ. ತಪ್ಪು ಸಿಗಲಿಲ್ಲ. ಸಿಕ್ಕಿದ್ದು ಕಂಕುಳ ಕೆಳಗಿನ ಒಂದು ಸಣ್ಣ ಉಬ್ಬು, ಗ್ರಂಥದಲ್ಲಿ ಎಲ್ಲೂ ಇಲ್ಲದ್ದು. ಸಿಕ್ಕಿಬಿದ್ದ ಎಂದು ಖುಷಿಪಟ್ಟ. ಆ ಚಳಿಗಾಲ ಗಿನೊ ಕೈ ಬಿಚ್ಚಿದಾಗ ಕೋಲಿನ ತುದಿಯಿಂದ ಅಲ್ಲಿ ಸುಮ್ಮನೆ ಸರಿಸಿ ನೋಡಿದರೆ ಆ ಉಬ್ಬಿನ ಸ್ನಾಯು ಅಲ್ಲೇ ಇತ್ತು. ಹದಿನೇಳು ವರ್ಷ ಅದರ ಮೇಲೆ ಕೋಲು ಆಡಿಸಿದ್ದ, ಕಂಡಿರಲಿಲ್ಲ. ಅವತ್ತಿನಿಂದ ಎರ್ಕೊಲೆಗೆ ಆ ಮನುಷ್ಯನ ಉಸಿರಾಟವನ್ನೂ ಸಹಿಸಲಾಗುತ್ತಿರಲಿಲ್ಲ.

ಮನೆಗೆ ಊಟಕ್ಕೆ ಕರೆದವನೂ ತಾನೇ. ಹತ್ತಿರದಿಂದ ನೋಡಿದರೆ ಏನಾದರೂ ಒಂದು ಸಣ್ಣತನ ಸಿಕ್ಕೀತು ಎಂದು ಕರೆದದ್ದು. ಲತ್ತಾನ್ಸಿಯೋ ಸಾರಿನಲ್ಲಿ ಬೇಯಿಸಿದ ಕೋಳಿಯನ್ನು ಚೀಪಿ ತಿಂದು, ತಟ್ಟೆಯಲ್ಲಿ ಮೂಳೆಗಳನ್ನು ಒಂದಕ್ಕೊಂದು ಸೇರಿಸಿ ಇಡೀ ಕೋಳಿಯನ್ನು ಮತ್ತೆ ನಿಲ್ಲಿಸಿದ. ಇಪ್ಪೋಲಿತಾ ಮಗುವಿನಂತೆ ಚಪ್ಪಾಳೆ ತಟ್ಟಿ ನಕ್ಕಳು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಹೆಂಡತಿ ಹೀಗೆ ನಗುವುದನ್ನು ಅವನು ಕಂಡಿರಲಿಲ್ಲ. ‘ಅಕ್ಕಾ, ನಿಮ್ಮ ಕೈ ಸ್ವಲ್ಪ ಹಾಗೇ ಇಡಿ, ಹಿಟ್ಟು ನಾದೋ ಹಾಗೆ’ ಎಂದು ಕಾಗದದ ತುಂಡೊಂದರ ಮೇಲೆ ಅವಳ ಕೈ ಬರೆದುಕೊಟ್ಟ. ಕಿರುಬೆರಳು ತುದಿಯಲ್ಲಿ ಸೊಟ್ಟಗಿತ್ತು. ‘ಇದೇನು, ಸೊಟ್ಟ ಬರೆದಿದೀಯ’ ಎಂದ ಎರ್ಕೊಲೆ, ಕೊನೆಗೂ ತಪ್ಪು ಸಿಕ್ಕಿತೆಂದು. ಇಪ್ಪೋಲಿತಾ ಬೆರಳನ್ನು ಅವನ ಮುಖದ ಮುಂದೆ ಹಿಡಿದು, ‘ಹತ್ತು ವರ್ಷ ಆಯ್ತು, ಬಾಗಿಲಿಗೆ ಸಿಕ್ಕಿ ಮುರಿದಿತ್ತು. ನೀವೇ ಪಟ್ಟಿ ಕಟ್ಟಿದ್ರಿ’ ಎಂದಳು. ಕೋಪವಿರಲಿಲ್ಲ ಅವಳ ದನಿಯಲ್ಲಿ. ಕೋಪವಿದ್ದಿದ್ದರೆ ವಾಸಿಯಿತ್ತು.

ಅವನು ಬುಟ್ಟಿ ಹೊತ್ತು ಬಂದಾಗ, ಪಾಠಶಾಲೆಯಲ್ಲಿ ಜೂನಿಪರ್ ಗಿಡದ ಸುಗಂಧದ ಕಡ್ಡಿಯ ಹೊಗೆ ಹಾಕಿದ್ದರೂ ನಾತ ಹೋಗಿರಲಿಲ್ಲ. ವಿದ್ಯಾರ್ಥಿಗಳು ಮೂಗಿಗೆ ವಿನೆಗರಿನ ಬಟ್ಟೆ ಒತ್ತಿಕೊಂಡು ಕೂತಿದ್ದರು. ಬೊನಿಫಾಚೊ ಪಂಡಿತರು ಎಪ್ಪತ್ತರ ಮಂಡಿಗಳನ್ನು ಶಪಿಸುತ್ತ ಪೀಠ ಹತ್ತಿದರು. ಗಿನೊ ಗರಗಸ ಹಾಕಿದ. ಆ ಸದ್ದಿಗೆ ಹೊಸಬನೊಬ್ಬ ಎದ್ದು ಹೊರಗೋಡಿದ, ಎಲ್ಲರೂ ನಕ್ಕರು. ಎರ್ಕೊಲೆ ನಗಲಿಲ್ಲ. ಅವನ ಬೆನ್ನಿಗೆ ಎರಡು ಕಣ್ಣು ಅಂಟಿಕೊಂಡಿದ್ದವು. ಬಲೆಯ ಭಾಗ ಬಂತು. ಪಂಡಿತರು ದನಿಯೇರಿಸಿ ಓದಿದರು, ಅವರಿಗೆ ಆ ಭಾಗ ಬಲು ಇಷ್ಟ. ಎರ್ಕೊಲೆ ಕೋಲನ್ನು ಮನುಷ್ಯನ ಬುರುಡೆಯ ಮೇಲೆ ಒಂದು ಗಳಿಗೆ ಆಡಿಸಿ, ಪಕ್ಕದ ಮೇಜಿಗೆ ಸರಿದು, ಬಟ್ಟೆ ತೆಗೆದು, ಕರುವಿನ ಬಲೆಯನ್ನು ಕೋಲಿನ ತುದಿಯಲ್ಲಿ ಎತ್ತಿ ತೋರಿಸಿದ. ನೂರು ತಲೆಗಳು ಹೌದು ಹೌದು ಎಂದು ಆಡಿದವು. ಒಂದು ತಲೆ ಮಾತ್ರ ಇತ್ತ ತಿರುಗಲಿಲ್ಲ. ಲತ್ತಾನ್ಸಿಯೋ ಎದ್ದು ನಿಂತು, ಮುಂದಿನ ಸಾಲಿನವನ ಹೆಗಲ ಮೇಲೆ ಕೈಯೂರಿ ಬಗ್ಗಿ, ಎಲ್ಲರೂ ಬಿಟ್ಟ ಮನುಷ್ಯನ ತಲೆಯೊಳಗೇ ನೋಡುತ್ತಿದ್ದ. ಎಷ್ಟೋ ಹೊತ್ತು ನೋಡಿದ. ಆಮೇಲೆ ಕೂತು ಬರೆಯತೊಡಗಿದ. ಎರ್ಕೊಲೆ ಎತ್ತಿದ್ದ ಕೋಲನ್ನು ಇಳಿಸಿದ. ತಾನು ಬೆಚ್ಚಗಿನ ಬುರುಡೆಯನ್ನು ಕೆರೆದು, ಹದಿನೆಂಟು ವರ್ಷ ಬಾಯಿ ಕಟ್ಟಿಕೊಂಡು ಸಾಕಿದ್ದನ್ನು, ಲ್ಯಾಟಿನ್ನಿನ ಒಂದಕ್ಷರ ಬಾರದವನು ಮೂರನೆಯ ಸಾಲಿನಿಂದ ಬಗ್ಗಿ ಎತ್ತಿಕೊಂಡುಬಿಟ್ಟಿದ್ದ.

ಪಾಠ ಮುಗಿದು ಜನ ಚದುರಿದರು. ಲತ್ತಾನ್ಸಿಯೋ ಹಲಗೆಯನ್ನು ಎದೆಗೆ ಹಿಡಿದು ಕೆಳಗಿಳಿದು ಬಂದ. ಬೊನಿಫಾಚೊ ಪಂಡಿತರ ಹೊಸ ಗ್ರಂಥಕ್ಕೆ ಚಿತ್ರ ಬರೆಯುವ ಕೆಲಸ ಅವನದು. ಈಸ್ಟರ್ ಕಳೆದ ಮೇಲೆ ಅದು ವೆನಿಸಿಗೆ ಅಚ್ಚಿಗೆ ಹೋಗುವುದಿತ್ತು. ಅದರಲ್ಲಿ ಎರ್ಕೊಲೆಯ ಹೆಸರು ಎಲ್ಲೂ ಇರಲಿಲ್ಲ.

‘ಪಂಡಿತರೇ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ನನಗೆ ಆ ಬಲೆ ಕಾಣಲಿಲ್ಲ. ಕರುವಿಂದು ಸರಿ. ಈ ಮನುಷ್ಯನಲ್ಲಿ ಕಾಣಲಿಲ್ಲ.’

ಎರ್ಕೊಲೆ ಕೋಲನ್ನು ಒರೆಸತೊಡಗಿದ. ಹಲಗೆಯ ಮೇಲಿನ ಚಿತ್ರವನ್ನು ನೋಡಬಾರದು ಅಂದುಕೊಂಡೇ ನೋಡಿದ. ತಾನು ಆ ಮಧ್ಯಾಹ್ನ ಕಂಡದ್ದೇ. ಬುರುಡೆಯ ತಳ, ಎರಡು ದೊಡ್ಡ ನಾಳಗಳು ಬಂದು ಕವಲೊಡೆದು ಮೇಲೆ ಹೋಗುವುದು, ನಡುವೆ ಬರಿದು ಜಾಗ. ಆ ಬರಿದು ಜಾಗವನ್ನು ಅವನು ಎಷ್ಟು ಧೈರ್ಯವಾಗಿ ಬರಿದಾಗಿಯೇ ಬಿಟ್ಟಿದ್ದನೆಂದರೆ ಎರ್ಕೊಲೆಗೆ ಕಣ್ಣು ಉರಿಯಿತು.

‘ಏನಂತೆ ಇವನದು?’ ಪೀಠದ ಕೊನೆಯ ಮೆಟ್ಟಿಲಿನಲ್ಲಿ ಗಿನೊನ ತೋಳು ಹಿಡಿದು ಬೊನಿಫಾಚೊ ಪಂಡಿತರು ಕೇಳಿದರು.

‘ಬಲೆ ಇಲ್ಲ ಅಂತಾನೆ,’ ಎಂದ ಎರ್ಕೊಲೆ.

ಮುದುಕರು ರೇಗುತ್ತಾರೆ, ಕುಂಬಾರನ ಮಗನನ್ನು ಬಾಗಿಲಾಚೆ ಅಟ್ಟುತ್ತಾರೆ ಎಂದು ಅವನು ಕಾದ. ಅವರು ರೇಗಲಿಲ್ಲ. ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ನಿಟ್ಟುಸಿರು ಬಿಟ್ಟರು.

‘ನೋಡಪ್ಪಾ, ನಾನು ನಲವತ್ತು ವರ್ಷ ಓದಿದೀನಿ. ಒಂದು ದಿನ ಇಳಿದು ಬಂದು ನೋಡಿಲ್ಲ. ನಮ್ಮ ಗುರುಗಳೂ ಇಳೀತಿರಲಿಲ್ಲ. ಈಗ ಇಳಿದ್ರೂ ಈ ಕಣ್ಣಿಗೆ ನನ್ನ ಚಪ್ಪಲಿಯೇ ಕಾಣಲ್ಲ.’ ಆಮೇಲೆ ಎರ್ಕೊಲೆಯ ಭುಜದ ಮೇಲೆ ಕೈ ಇಟ್ಟರು. ‘ಹದಿನೆಂಟು ವರ್ಷ ಹತ್ತಿರ ನಿಂತು ನೋಡಿದೋನು ನೀನು. ನೀನು ಇಲ್ಲ ಅಂದ್ರೆ ಇಲ್ಲ. ಗ್ರಂಥದಲ್ಲಿ ಹಾಗೇ ಬರೆಸ್ತೀನಿ. ಸಾಯೋ ಮೊದಲು ಒಂದಾದ್ರೂ ನಿಜ ಹೇಳಿ ಹೋದೆ ಅಂತ ಆಗ್ಲಿ. ಹೇಳು.’

ಇಷ್ಟು ಸುಲಭವಾಗಿತ್ತೇ? ಹದಿನೆಂಟು ವರ್ಷ ಅವನು ಹೆದರಿದ್ದು ಈ ಮುದುಕರಿಗೇ. ಇಲ್ಲ ಎಂಬ ಎರಡಕ್ಷರ. ಯಾವ ವರ್ಷ ಬೇಕಾದರೂ, ಇದೇ ಮೆಟ್ಟಿಲಿನ ಹತ್ತಿರ ಹೇಳಬಹುದಿತ್ತು, ಅವರು ಹೀಗೇ ಭುಜದ ಮೇಲೆ ಕೈ ಇಡುತ್ತಿದ್ದರೋ ಏನೋ. ಈಗ ಹೇಳಿದರೆ? ಹೇಳಿದರೆ, ಲತ್ತಾನ್ಸಿಯೋ ಕಂಡ, ಎರ್ಕೊಲೆ ಹೌದೆಂದ. ಊರೆಲ್ಲ ಹಾಗೇ ಹೇಳುತ್ತದೆ. ತಾನು ಆ ಮಧ್ಯಾಹ್ನ ಮೊದಲು ಕಂಡೆ ಎಂದು ಹೇಳಿದರೆ ಯಾರು ನಂಬುತ್ತಾರೆ? ನಂಬಿದವರೂ ಮತ್ತೆ ಯಾಕಯ್ಯಾ ಇಷ್ಟು ವರ್ಷ ಕರುವಿನ ತಲೆ ಹೊತ್ತೆ ಎಂದು ಕೇಳದಿರುತ್ತಾರೆಯೇ? ಅವನು ಲತ್ತಾನ್ಸಿಯೋನ ಮುಖ ನೋಡಿದ. ಗೆಲುವಿನ ಸೊಕ್ಕೇನಾದರೂ ಇದ್ದೀತೆಂದು ಹುಡುಕಿದ. ಪರೀಕ್ಷೆಯ ಉತ್ತರಕ್ಕೆ ಕಾಯುವವನ ಹಾಗೆ ಬಾಯಿ ಸ್ವಲ್ಪ ತೆರೆದು ನಿಂತಿದ್ದ, ಅಷ್ಟೆ. ಸೊಕ್ಕಿದ್ದಿದ್ದರೆ ಎರ್ಕೊಲೆ ನಿಜ ಹೇಳಿಬಿಡುತ್ತಿದ್ದನೇನೋ. ಆ ತೆರೆದ ಬಾಯನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ.

‘ಇತ್ತು,’ ಎಂದ. ‘ಗಿನೊ ಮಿದುಳು ಎತ್ತಿದ ಕ್ಷಣಕ್ಕೆ ಇತ್ತು. ತೆಳ್ಳಗೆ. ಗಾಳಿ ತಾಗಿದ ಕೂಡಲೇ ಕುಗ್ಗಿಹೋಯ್ತು. ಹತ್ತಿರ ನಿಂತವರಿಗೆ ಮಾತ್ರ ಕಾಣೋವಂಥದ್ದು.’

‘ಗಿನೊ, ನೀನೂ ಕಂಡೆಯಾ?’ ಎಂದು ಮುದುಕರು ಕೇಳಿದರು.

ಗಿನೊ ಕತ್ತಿಯನ್ನು ಬಕೆಟ್ಟಿನಲ್ಲಿ ಅದ್ದಿದ. ಒಂದು ಸಲ ಎರ್ಕೊಲೆಯ ಕಡೆ ನೋಡಿದ, ನೋಡಿ ಕಣ್ಣು ಇಳಿಸಿದ. ‘ನಾನು ಕೊಯ್ಯೋನು ಸ್ವಾಮಿ. ನೋಡೋದು ಅವರ ಕೆಲಸ.’

‘ಹಾಗಾದ್ರೆ ನನ್ನ ಕಣ್ಣೇ ತಪ್ಪಿತು,’ ಎಂದ ಲತ್ತಾನ್ಸಿಯೋ. ವಾದ ಮಾಡಲಿಲ್ಲ. ಹಲಗೆಯನ್ನು ತಿರುಗಿಸಿ ತನ್ನ ಚಿತ್ರವನ್ನೇ ಪೆಚ್ಚಾಗಿ ನೋಡಿದ. ‘ದೂರ ಕೂತು ಬರೆಯೋದು ತಪ್ಪು. ತಿದ್ದಿಕೊಡ್ತೀನಿ ಪಂಡಿತರೇ.’

ಮನೆಗೆ ಹೋಗುವಾಗ ಎರ್ಕೊಲೆಯ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮುಖವಾಡದವನೊಬ್ಬ ಅಡ್ಡ ಬಂದು ಮೊಟ್ಟೆಯ ಚಿಪ್ಪಿನಲ್ಲಿ ತುಂಬಿದ ಗುಲಾಬಿ ನೀರು ಎರಚಿದರೆ, ನಕ್ಕು, ಅವನ ಬೆನ್ನು ತಟ್ಟಿದ. ಹಸಿವಾಗಿತ್ತು. ತಟ್ಟೆಗೆ ಕೂತವನೇ ಇಪ್ಪೋಲಿತಾಳಿಗೆ ಎಲ್ಲವನ್ನೂ ಹೇಳಿದ. ಅಂದರೆ ಮುದುಕರಿಗೆ ಹೇಳಿದ್ದನ್ನೇ ಹೇಳಿದ, ಇನ್ನೊಂದಿಷ್ಟು ಬಣ್ಣ ಕಟ್ಟಿ. ಬಲೆ ನಸುಗೆಂಪಾಗಿತ್ತು ಅಂದ. ಉಸಿರಾಡುವ ಹಾಗೆ ಒಮ್ಮೆ ಅಲುಗಿತು ಅಂದ. ಇಪ್ಪೋಲಿತಾ ಸೌಟು ಹಿಡಿದುಕೊಂಡೇ ಎದುರಿನ ಬೆಂಚಿನಲ್ಲಿ ಕೂತಳು.

‘ಅವನಿಗೆ ಕಾಣದ್ದು ನಿಮಗೆ ಕಾಣಿಸ್ತಾ?’

‘ಕಾಣಿಸ್ತು.’

‘ನಿಮಗೆ ಇಂಥದ್ದೆಲ್ಲ ಕಾಣುತ್ತೆ ಅಂತ ನನಗೆ ಗೊತ್ತಿರಲಿಲ್ಲ,’ ಎಂದಳು ಮೆಲ್ಲಗೆ. ಅವಳ ಕಣ್ಣಿನಲ್ಲಿ ಅವನು ಹತ್ತೊಂಬತ್ತು ವರ್ಷ ಕಾದಿದ್ದ ಬೆಳಕೊಂದು ಬಂದಿತ್ತು. ಎದ್ದು ಅವನ ತಟ್ಟೆಗೆ ಕೇಳದೆಯೇ ಇನ್ನಷ್ಟು ಬಡಿಸಿದಳು. ಹಿಂದೆ ನಿಂತು, ಮದುವೆಯಾದ ಹೊಸದರಲ್ಲಿ ಮಾಡುತ್ತಿದ್ದ ಹಾಗೆ, ಅವನ ಕತ್ತಿನ ಕೂದಲನ್ನು ಬೆರಳಿನಿಂದ ಸರಿಮಾಡಿದಳು. ಎರ್ಕೊಲೆ ತುತ್ತನ್ನು ತಟ್ಟೆಗೇ ಇಳಿಸಿದ. ಇಷ್ಟು ವರ್ಷಕ್ಕೆ ಬಂದ ಈ ಅಕ್ಕರೆ ಯಾರಿಗೆ ಬಂದದ್ದು? ಬಲೆ ಕಂಡವನಿಗೆ. ಅಂಥವನೊಬ್ಬ ಇಲ್ಲವೇ ಇಲ್ಲ. ನಿಜವಾಗಿ ಕಂಡ ಎರ್ಕೊಲೆ, ಬಲೆ ಇಲ್ಲವೆಂದು ಕಂಡ ಇಪ್ಪತ್ತಾರರ ಹುಡುಗ, ಈ ಮನೆಯಲ್ಲಿ ಯಾರಿಗೂ ಪರಿಚಯವಿಲ್ಲದೆ ಹೊರಗೆ ನಿಂತಿದ್ದ. ಹೆಂಡತಿಯ ಬೆರಳು ಕತ್ತಿನ ಮೇಲೆ ಆಡುತ್ತಲೇ ಇತ್ತು. ಕೆಲಸವಿದೆ ಎಂದು ಎದ್ದ.

ಲತ್ತಾನ್ಸಿಯೋಗೆ ನಿಜ ಹೇಳಿಬಿಡಬೇಕು ಎಂದು ಹೊರಟ, ಅಥವಾ ಹಾಗೆಂದುಕೊಂಡು ಹೊರಟ. ಮಂಜು ಇಳಿದು ಗೋಪುರಗಳ ಅರ್ಧ ಮಾಯವಾಗಿತ್ತು, ಸಂಜೆಯ ಪ್ರಾರ್ಥನೆಯ ಗಂಟೆ ಇನ್ನೂ ಆಗಿರಲಿಲ್ಲ. ಏನು ಹೇಳುವುದೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡ. ‘ಸರಿಯಾಗಿ ನೆನಪು ಮಾಡಿಕೊಂಡೆ, ಅದು ಬಲೆಯಲ್ಲ, ಹೆಪ್ಪುಗಟ್ಟಿದ ರಕ್ತವಿರಬೇಕು.’ ಇದು ಚೆನ್ನಾಗಿತ್ತು. ಸುಳ್ಳುಗಾರನೂ ಆಗುವುದಿಲ್ಲ, ಹೇಡಿಯೂ ಆಗುವುದಿಲ್ಲ. ಆದರೆ ಹಾಗೆಂದರೆ ಲತ್ತಾನ್ಸಿಯೋನ ಕಣ್ಣೇ ಸರಿ ಎಂದಾಗುತ್ತದೆ. ಆ ಯೋಚನೆ ಬಂದೊಡನೆ ಹೆಜ್ಜೆ ಸಣ್ಣದಾಗುತ್ತಿತ್ತು. ನಾಳೆ ಬೆಳಿಗ್ಗೆಯೂ ಹೇಳಬಹುದು, ಈಸ್ಟರಿನವರೆಗೂ ಸಮಯವಿದೆ ಎನ್ನುತ್ತ ಎನ್ನುತ್ತ ಚಿತ್ರಶಾಲೆಯ ಬಾಗಿಲಿಗೆ ಬಂದಿದ್ದ.

ಲತ್ತಾನ್ಸಿಯೋ ಕಿಟಕಿಯ ಬಳಿ ಕೂತಿದ್ದ. ಎದುರಿಗೆ ಮಣ್ಣಿನ ತಟ್ಟೆಯಲ್ಲಿ ಬೆಳಗಿನ ಕರುವಿನ ತಲೆ. ‘ಬನ್ನಿ ಪಂಡಿತರೇ! ಗಿನೊ ಹತ್ರ ಬೇಡಿಕೊಂಡು ತಂದೆ. ನೀವು ಹೇಳಿದ ಹಾಗೆ ತೆಳ್ಳಗೆ ಬರೆದಿದೀನಿ, ಕರುವಿನಷ್ಟು ದಪ್ಪ ಮಾಡಿಲ್ಲ. ನೋಡಿ, ಹೀಗಿತ್ತಾ?’

ಕಾಗದದ ಮೇಲೆ, ಬೆಳಿಗ್ಗೆ ಬರಿದಾಗಿದ್ದ ಜಾಗದಲ್ಲಿ, ಬಲೆ ಇತ್ತು. ಎರ್ಕೊಲೆ ಬೆಳಕಿಗೆ ಹಿಡಿದ. ಎಳೆಯ ಮೇಲೆ ಎಳೆ, ಒಂದರಡಿಯಿಂದ ಇನ್ನೊಂದು ನುಸುಳಿ ಬರುತ್ತಿತ್ತು. ಎಲ್ಲೂ ಬರೆದ ಗೆರೆ ಅನ್ನಿಸುತ್ತಿರಲಿಲ್ಲ. ನೋಡುತ್ತ ನೋಡುತ್ತ ಅವನಿಗೆ ಒಂದು ಹೆದರಿಕೆ ಹುಟ್ಟಿತು. ಆ ಮಧ್ಯಾಹ್ನದ ಬೆಚ್ಚಗಿನ ಬುರುಡೆಯನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಕಣ್ಣ ಮುಂದೆ ಬಂದ ಬುರುಡೆಯಲ್ಲಿಯೂ ಬಲೆ ಇತ್ತು. ಮತ್ತೆ ಪ್ರಯತ್ನಿಸಿದ. ಆಗಲೂ ಇತ್ತು. ಇಷ್ಟು ವರ್ಷ ತನ್ನದೊಂದೇ ಎಂದು ಕಾಪಾಡಿಕೊಂಡಿದ್ದ ಬರಿದು ಜಾಗವನ್ನು ಈ ಮನುಷ್ಯ ಕರುವಿನ ತಲೆ ನೋಡಿ, ತನ್ನ ಮಾತನ್ನೇ ನಂಬಿ, ತುಂಬಿಬಿಟ್ಟಿದ್ದ.

‘ಚೆನ್ನಾಗಿದೆ,’ ಎಂದ.

‘ಒಂದು ತಪ್ಪು ಮಾಡಿದೀನಿ, ನೀವು ಬೈಯಬಾರದು.’ ಲತ್ತಾನ್ಸಿಯೋ ಚಿತ್ರದ ಕೆಳಗಿನ ಸಣ್ಣ ಬರಹಕ್ಕೆ ಬೆರಳಿಟ್ಟ. ಲ್ಯಾಟಿನ್ ಬಾರದವನು ಊರ ಮಾತಿನಲ್ಲೇ ಬರೆದಿದ್ದ: ಇದನ್ನು ನಾನು ಕಾಣಲಿಲ್ಲ. ಎರ್ಕೊಲೆ ಪಂಡಿತರು ಕಂಡರು. ಅವರ ಮಾತಿನ ಮೇಲೆ ಬರೆದಿದ್ದೇನೆ. ‘ಕಾಣದ್ದನ್ನ ನಾನು ಯಾವತ್ತೂ ಬರೆದಿಲ್ಲ. ಇದೊಂದು ಬರೆದೆ. ನಾನೇ ಕಂಡೆ ಅಂತ ಜನ ತಿಳ್ಕೊಂಡ್ರೆ ನಿಮಗೆ ಮೋಸ ಆಗುತ್ತಲ್ಲ. ಬೊನಿಫಾಚೊ ಪಂಡಿತರಿಗೂ ತೋರಿಸಿ ಬಂದೆ. ಅಚ್ಚಿನಲ್ಲೂ ಹೀಗೇ ಇರಲಿ, ಪಾಪ, ಅವನ ಹೆಸರು ಎಲ್ಲೂ ಬಂದಿಲ್ಲ ಅಂದ್ರು.’

ಎರ್ಕೊಲೆ ತನ್ನ ಹೆಸರನ್ನು ನೋಡಿದ. ಚಂದದ ಅಕ್ಷರ. ಅಳಿಸು ಎನ್ನಬೇಕಾದರೆ ಯಾಕೆಂದು ಹೇಳಬೇಕು. ಈಗ, ಈ ಉಸಿರಿನಲ್ಲಿ ಹೇಳಬಹುದಿತ್ತು; ಲತ್ತಾನ್ಸಿಯೋ ಕೋಪಿಸಿಕೊಳ್ಳುವವನಲ್ಲ, ಖುಷಿಯಿಂದ ಕುಣಿದಾನು, ಹಾಗಾದ್ರೆ ನನ್ನ ಕಣ್ಣು ಸರಿಯಿತ್ತಾ ಎಂದಾನು. ಆ ಖುಷಿ ಎರ್ಕೊಲೆಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣಿಸಿತು. ಬಾಯಿ ಮುಚ್ಚಿಕೊಂಡ.

‘ಬೊಲೋನ್ಯದಲ್ಲಿ ಇನ್ನೆಷ್ಟು ಎರ್ಕೊಲೆಗಳಿದ್ದಾರೋ,’ ಎಂದ ಲತ್ತಾನ್ಸಿಯೋ, ಲೇಖನಿಯನ್ನು ಮಸಿಗೆ ಅದ್ದುತ್ತ. ‘ಮುಂದೆ ಯಾರೋ ಒಬ್ಬ ತಲೆ ಕೊಯ್ದು ನೋಡ್ತಾನೆ. ಇದನ್ನ ಕಂಡೋರು ಯಾರು ಅಂತ ಅವನಿಗೆ ಸರಿಯಾಗಿ ಗೊತ್ತಾಗಬೇಕು. ನಿಮ್ಮ ತಂದೆ ಹೆಸರೂ ಸೇರಿಸಿಬಿಡ್ಲಾ?’

ಎರ್ಕೊಲೆ ಕಾಗದವನ್ನು ಅವನ ಮುಂದೆ ಇಟ್ಟ.

‘ಮತ್ತೇಯೊ,’ ಎಂದ. ‘ಮತ್ತೇಯೊನ ಮಗ ಎರ್ಕೊಲೆ ಅಂತ ಬರೆ.’